ಹಿಮಾಲಯನ್ನೋ, ನಿಂಜಾನೋ?

ಡೊಂಬಿವಲಿಯಲ್ಲಿ ಭಾನುವಾರದ ಚಹಾಕ್ಕೆ ನನಗೂ ಭಾವಮೈದುನನಿಗೂ ಇದೇ ಜಗಳ. ಅವನಿಗೆ ನಿಂಜಾ 1000 ಎಸ್‌ಎಕ್ಸ್ ಬೈಕೇ ಬೇಕು. 1043 ಸಿಸಿ, ನಾಲ್ಕು ಸಿಲಿಂಡರು. "ಪಾಮ್ ಬೀಚ್ ರೋಡಲ್ಲಿ ಹಾರಿಸ್ಬಹುದು ಭಾವಾ!" ಅಲ್ಲಿಗೆ ಹೋಗಬೇಕಾದರೆ ಮೊದಲು ಶಿಲ್‌ಫಾಟಾ ದಾಟಬೇಕಲ್ಲ ಮಾರಾಯ! ಲಾರಿಗಳ ನಡುವೆ, ಫಸ್ಟ್ ಗೇರಲ್ಲಿ, ತೊಡೆ ಸುಟ್ಟ ಬದನೆಕಾಯಿ ಆಗುತ್ತದೆ.

ನನ್ನ ಮತ ಹಿಮಾಲಯನ್ 450ಕ್ಕೆ. ಅದರ ಹೊಟ್ಟೆ ನೆಲದಿಂದ 230 ಮಿಲಿಮೀಟರ್ ಎತ್ತರ. ಮಳೆಗಾಲದ ಕಲ್ಯಾಣದ ಗುಂಡಿಗೆ ಇಳಿದು, ಕ್ಷೇಮವಾಗಿ ಹತ್ತಿ ಬರುತ್ತದೆ. ತಕರಾರು ಸೀಟಿನದು: 825 ಮಿಲಿಮೀಟರ್. ಶೋರೂಮಿನಲ್ಲಿ ಹತ್ತಿ ಕೂತರೆ ನೆಲಕ್ಕೆ ತಾಗಿದ್ದು ಹೆಬ್ಬೆರಳು ಮಾತ್ರ. "ಸ್ಟೂಲು ಇವರೇ ಕೊಡ್ತಾರಾ?" ಎಂದಳು ಹೆಂಡತಿ.

ಸೋಮವಾರ ಠಾಣೆ ತನಕ, ಲೋಕಲ್ಲಿನ ಬಾಗಿಲಲ್ಲಿ ಇಬ್ಬರೂ ಒಂಟಿಕಾಲಲ್ಲಿ ನಿಂತು ಚರ್ಚೆ ಮುಂದುವರಿಸಿದೆವು.