ಕಾಳಿ ಎರಡರ ಹರ್ಟ್ಜ್

ವಿದ್ಯುನ್ಮಾನ ಸಂಗೀತ, ಎಂದರೆ ತಂತಿ, ತೊಗಲು, ಕೊಳವೆಗಳ ಹಂಗಿಲ್ಲದೆ ವಿದ್ಯುತ್ತಿನಿಂದಲೇ ನಾದವನ್ನು ಹುಟ್ಟಿಸುವ ಅಥವಾ ಹುಟ್ಟಿದ ನಾದವನ್ನು ವಿದ್ಯುತ್ತಿನಿಂದ ಮಾರ್ಪಡಿಸುವ ಕಲೆ, ಎಲ್ಲಿ ಬೆಳೆಯಿತೆಂಬ ಪ್ರಶ್ನೆಗೆ ವಿದ್ವಾಂಸರು ಪ್ಯಾರಿಸ್, ಕಲೋನ್, ನ್ಯೂಯಾರ್ಕ್ ಎಂದು ಉತ್ತರಿಸುವುದು ವಾಡಿಕೆ. ಗದಗಿನಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿರುವ, ಮುಂಡರಗಿ ತಾಲೂಕಿನ ಡಂಬಳದ ಹೆಸರು ಈ ಪಟ್ಟಿಗೆ ಸೇರದಿರುವುದಕ್ಕೆ ಅಲ್ಲಿ ಅಂಥ ಸಂಗೀತವಿಲ್ಲವೆಂಬುದು ಕಾರಣವಲ್ಲ. ಶ್ರಾವಣದ ಪುರಾಣದಲ್ಲಿ ವಿದ್ಯುನ್ಮಾನ ತಂಬೂರಿಯೂ, ಮದುವೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಮತ್ತು ರಿದಮ್ ಪ್ಯಾಡುಗಳೂ, ಗಣಪತಿ ಕಳಿಸುವ ರಾತ್ರಿ ಎದೆಗೂಡನ್ನೇ ಬಡಿಯುವ ಡಿಜೆಯೂ ಕೇಳುವ ಸೀಮೆಯಲ್ಲಿ ಅದನ್ನು ಇಲ್ಲವೆನ್ನುವುದು ಕಷ್ಟ. ಕೇಳುವ ಚಟವಿರುವ ಊರಿಗೆ ಬರೆದು ಕಳುಹಿಸುವ ಚಟವಿಲ್ಲ, ಅಷ್ಟೇ.

ಹಾಗೆಂದು ವಿದ್ವತ್ ಪತ್ರಿಕೆಗಳಿಗೆ ಈ ಊರು ಅಪರಿಚಿತವೇನಲ್ಲ. ಬೌದ್ಧರ ತಾರಾಭಗವತಿಯನ್ನು ಸ್ತುತಿಸುವ, ಕ್ರಿ.ಶ. 1095ರ ಡಂಬಳದ ಶಾಸನವನ್ನು ಶಾಸನತಜ್ಞ ಫ್ಲೀಟ್ ಅವರು 1881ರಲ್ಲೇ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದ್ದರು. ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರಾಕಾರದ ತಲವಿನ್ಯಾಸವುಳ್ಳ ದೊಡ್ಡಬಸಪ್ಪ ದೇವಾಲಯವಂತೂ ಚಾಲುಕ್ಯ ಶಿಲ್ಪದ ಬಗೆಗಿನ ಬರಹಗಳಲ್ಲಿ ತಪ್ಪದೆ ಬರುತ್ತದೆ. ಕಲ್ಲಿಗೆ ಸಿಕ್ಕ ಈ ಮರ್ಯಾದೆ ಮೈಕ್ ಸೆಟ್ಟಿಗೂ ಸಿಗಬೇಕೆಂದು ಆ ಊರಿನ ಲೇಖಕನೊಬ್ಬ ಹಟ ತೊಟ್ಟನೆಂದು ಭಾವಿಸಿದರೆ, ಅವನೆದುರು ಮುಖ್ಯವಾಗಿ ಎರಡು ಬಾಗಿಲುಗಳು ಕಾಣುತ್ತವೆ: ಅಮೆರಿಕದಲ್ಲಿ 1977ರಲ್ಲಿ ಆರಂಭವಾದ 'ಕಂಪ್ಯೂಟರ್ ಮ್ಯೂಸಿಕ್ ಜರ್ನಲ್' ಒಂದು, ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯವು 1996ರಿಂದ ಪ್ರಕಟಿಸುತ್ತಿರುವ 'ಆರ್ಗನೈಸ್ಡ್ ಸೌಂಡ್' ಇನ್ನೊಂದು. ಎರಡನೆಯದು ವರ್ಷಕ್ಕೆ ಮೂರು ಸಂಚಿಕೆಗಳನ್ನು ತರುತ್ತದೆ. ಸಂಚಿಕೆಗೊಂದು ವಿಷಯವನ್ನು ಮೊದಲೇ ಸಾರಿ ಲೇಖನಗಳನ್ನು ಆಹ್ವಾನಿಸುತ್ತದೆ. ದೀಪಾವಳಿ ವಿಶೇಷಾಂಕಕ್ಕೆ ಕಥೆ ಕಳುಹಿಸಿ ಬಲ್ಲವರಿಗೆ ಈ ಪದ್ಧತಿ ಅರ್ಥವಾಗುವಂಥದೇ, ಸಂಭಾವನೆಯ ಚೆಕ್ಕನ್ನು ಮಾತ್ರ ಎದುರು ನೋಡಬಾರದು.

ವಿಷಯಕ್ಕೇನೂ ಬರವಿಲ್ಲ. ಎಚ್.ಎ.ಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿ, ರಾಡೆಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಮೇಲೆ, ನಾಲ್ಕು ತಂತಿಗಳ ತಂಬೂರಿ ಹೊತ್ತು ಬಸ್ಸಿನಲ್ಲಿ ಕಂಡಕ್ಟರನೊಡನೆ ಲಗೇಜಿನ ಬಗ್ಗೆ ವಾದಿಸುವ ಪ್ರಮೇಯ ತಪ್ಪಿ, ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದ ನೆರಳಿರುವ ಗದಗ ಸೀಮೆಯ ಭಜನಾ ಮಂಡಳಿಗಳ ಕೈಗೂ ಕೈಚೀಲದಲ್ಲಿ ಹಿಡಿಯುವ ತಂಬೂರಿ ಬಂದಿತು. ಈ ಪೆಟ್ಟಿಗೆ ಅನುಕರಿಸಬೇಕಾದದ್ದು ಸಾಮಾನ್ಯ ನಾದವನ್ನಲ್ಲ. ತಂತಿ ಮತ್ತು ಅದನ್ನು ಹೊರುವ ಕುದುರೆಯ ನಡುವೆ ಸಿಕ್ಕಿಸುವ ನೂಲಿನ ಎಳೆಯಿಂದಾಗಿ, ಮೀಟುವ ಜಾಗದ ಲೆಕ್ಕದಲ್ಲಿ ಹುಟ್ಟಲೇಬಾರದ ಉಪಸ್ವರಗಳೂ ತಂಬೂರಿಯಲ್ಲಿ ಹುಟ್ಟುತ್ತವೆಂದು ಸಿ.ವಿ. ರಾಮನ್ ಅವರು 1921ರಷ್ಟು ಹಿಂದೆಯೇ ಬರೆದಿದ್ದರು. ನಿಯಮ ಮೀರುವ ವಾದ್ಯವನ್ನು ನಿಯಮಕ್ಕೆ ಕಟ್ಟುಬಿದ್ದ ವಿದ್ಯುತ್ ಮಂಡಲದಿಂದ ನುಡಿಸಬೇಕಾದ ಈ ಸಂಕಟ ಯಾವ ಪತ್ರಿಕೆಗಾದರೂ ಸಲ್ಲುವಂಥದು. ಆದರೆ ಪೆಟ್ಟಿಗೆಯನ್ನು ದಿನವೂ ಬಳಸುವವರಿಗೆ ಅದು ವಿದ್ಯುನ್ಮಾನ ಸಂಗೀತವೆಂಬ ಗುಮಾನಿಯೇ ಇಲ್ಲ, ಗುಮಾನಿ ಇರುವವರಿಗೆ ಭಜನೆಯ ಅಭ್ಯಾಸವಿಲ್ಲ.

ಇದಕ್ಕಿಂತಲೂ ಫಲವತ್ತಾದ ವಿಷಯ ಮೈಕಿನ ಕೂಗು. ಧ್ವನಿವರ್ಧಕದಿಂದ ಹೊರಟ ಸದ್ದು ಮರಳಿ ಮೈಕನ್ನು ಹೊಕ್ಕು, ವರ್ಧಿಸಿ, ಮತ್ತೆ ಹೊರಟು, ಹೀಗೆ ಸುತ್ತುತ್ತ ಒಂದೇ ಕ್ಷಣದಲ್ಲಿ ಕಿವಿ ಕೊರೆಯುವ 'ಕುಂಯ್' ಆಗುವ ಈ ಕ್ರಿಯೆಗೆ ಫೀಡ್‌ಬ್ಯಾಕ್ ಎಂದು ಹೆಸರು. ಅಮೆರಿಕದ ಸಂಗೀತಗಾರ ಸ್ಟೀವ್ ರೈಖ್ 1968ರಲ್ಲಿ ಧ್ವನಿವರ್ಧಕಗಳ ಮೇಲೆ ಮೈಕುಗಳನ್ನು ತೂಗುಬಿಟ್ಟು, ಅವು ತೊನೆದಾಡುವಾಗ ಏಳುವ ಇದೇ ಕೂಗನ್ನು ಕೃತಿಯೆಂದು ಕರೆದರು. ಸಭಿಕರು ಕುಳಿತು ಕೇಳಿದರು. ಡಂಬಳದಲ್ಲಿ ಅದೇ ಕೃತಿ ಪುರಾಣಿಕರು ಮೈಕನ್ನು ತುಟಿಗೆ ಹಿಡಿದೊಡನೆ ಆರಂಭವಾಗುತ್ತದೆ, ಮೈಕ್ ಸೆಟ್ಟಿನ ಹುಡುಗ ಚಹಾದ ಲೋಟ ಕೆಳಗಿಟ್ಟು ಓಡಿ ಬಂದು ಗುಂಡಿ ತಿರುಗಿಸುವವರೆಗೆ ಮುಂದುವರಿಯುತ್ತದೆ, ಮತ್ತು ಕೊನೆಯಲ್ಲಿ ಹುಡುಗನಿಗೆ ಬೈಗುಳ ಸಲ್ಲುತ್ತದೆ. ಯಂತ್ರದ ಎಡವಟ್ಟುಗಳನ್ನೇ ಸೌಂದರ್ಯವಾಗಿ ಪರಿಗಣಿಸುವ ಪಂಥವೊಂದಿದ್ದು, ಕಿಮ್ ಕ್ಯಾಸ್ಕೋನ್ ಅವರು 2000ದಲ್ಲಿ 'ಕಂಪ್ಯೂಟರ್ ಮ್ಯೂಸಿಕ್ ಜರ್ನಲ್'ನಲ್ಲೇ ಅದರ ಬಗ್ಗೆ ಬರೆದರು. ಆ ತತ್ತ್ವ ಹುಡುಗನ ಕಿವಿಗೆ ಬಿದ್ದಿದ್ದರೆ ಚಹಾ ಮುಗಿಸಿಯೇ ಏಳುತ್ತಿದ್ದನು.

ಲೇಖನ ಸಿದ್ಧವಾದ ಮೇಲೆ ಲೇಖಕ ತನ್ನ ಗುರುತನ್ನು ಅಳಿಸಬೇಕು. ಬರೆದವರು ಯಾರೆಂದು ಪರಿಶೀಲಕರಿಗೂ, ಪರಿಶೀಲಿಸಿದವರು ಯಾರೆಂದು ಬರೆದವರಿಗೂ ತಿಳಿಯಬಾರದೆಂಬುದು ಇಂಥ ಪತ್ರಿಕೆಗಳಲ್ಲಿ ರೂಢಿಯಲ್ಲಿರುವ ಕಟ್ಟಳೆ. ಡಂಬಳದ ಭಜನೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವನು ಯಾರೆಂಬುದು ಬಸ್ ನಿಲ್ದಾಣದ ಚಹಾದಂಗಡಿಗೆಲ್ಲ ಗೊತ್ತಿದ್ದರೂ ಪರವಾಗಿಲ್ಲ, ಕಡಲಾಚೆಯ ಇಬ್ಬರಿಗೆ ಗೊತ್ತಿರದಿದ್ದರೆ ಗುಟ್ಟು ಉಳಿದಂತೆ.

ತಿಂಗಳುಗಳ ನಂತರ ಬರುವ ಅಭಿಪ್ರಾಯ ಎರಡು ಬಗೆಯದಾಗಿರುತ್ತದೆ. ಮೊದಲ ಪರಿಶೀಲಕರು ಸಾಮಾನ್ಯವಾಗಿ ಸಂಭಾವಿತರು. ಲೇಖನವನ್ನು ಮೆಚ್ಚಿ, ಲಾ ಮಾಂಟ್ ಯಂಗ್ ಅವರನ್ನು ಏಕೆ ಪ್ರಸ್ತಾಪಿಸಿಲ್ಲವೆಂದು ಕೇಳುತ್ತಾರೆ. ಒಂದೇ ಆಧಾರಸ್ವರವನ್ನು ವಿದ್ಯುತ್ ಉಪಕರಣಗಳಿಂದ ಗಂಟೆಗಟ್ಟಲೆ ಹಿಡಿದು ನಿಲ್ಲಿಸಿದ ಈ ಅಮೆರಿಕನ್ ಸಂಗೀತಗಾರರು 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದವರು. ಪ್ರಾಣನಾಥರು ಕಿರಾನಾ ಘರಾಣೆಯವರು. ಕುಂದಗೋಳದ ಸವಾಯಿ ಗಂಧರ್ವರೂ ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಗದಗಿನ ಭೀಮಸೇನ ಜೋಶಿಯವರೂ ಅದೇ ಘರಾಣೆಯವರು. ನ್ಯೂಯಾರ್ಕಿಗೆ ಹೋದ ತಂಬೂರಿಯ ದಾರಿ ಓಡಾಟದಿಂದ ಸವೆದು ಹೆದ್ದಾರಿಯಾಗಿದೆ, ಗದಗಿನಲ್ಲೇ ಉಳಿದ ತಂಬೂರಿಯದು ಇನ್ನೂ ಹೊಲದ ಬದುವು. ಹೀಗಾಗಿ ಡಂಬಳದ ಲೇಖಕ ನೆರೆಮನೆಯ ವಿಷಯ ಬರೆಯಲು ನ್ಯೂಯಾರ್ಕನ್ನು ಉಲ್ಲೇಖಿಸಬೇಕಾಗುತ್ತದೆ, ಮತ್ತು ಉಲ್ಲೇಖಿಸುತ್ತಾನೆ.

ಎರಡನೆಯ ಪರಿಶೀಲಕರು ಬಿಗಿ. ಲೇಖನದಲ್ಲಿ ಶ್ರುತಿಯನ್ನು 'ಕಾಳಿ ಎರಡು' ಎಂದು ಬರೆದರೆ, ಎಂದರೆ ಹಾರ್ಮೋನಿಯಮ್ಮಿನ ಕಪ್ಪು ಮನೆಗಳಲ್ಲಿ ಎರಡನೆಯದೆಂದು ಸೂಚಿಸಿದರೆ, ಅವರಿಗೆ ಸಾಲದು. ಸೆಕೆಂಡಿಗೆ ಎಷ್ಟು ಕಂಪನಗಳೆಂದು ತಿಳಿಸುವ ಹರ್ಟ್ಜ್ ಲೆಕ್ಕ ಬೇಕು. ಪುಸ್ತಕದ ಪ್ರಕಾರ ಗಂಡು ದನಿಯ ಕಾಳಿ ಎರಡು ಸುಮಾರು 155.6 ಹರ್ಟ್ಜ್. ಭಜನೆಯ ಮೇಳದಲ್ಲಿ ವಿಚಾರಿಸಿದರೆ ಬರುವ ಉತ್ತರವೇ ಬೇರೆ: "ಹರ್ಟ್ಜ್ ಗಿರ್ಟ್ಜ್ ನಮಗ ಗೊತ್ತಿಲ್ರಿ ಸರ, ಪೇಟಿಗೆ ಕೂಡಿಸಿದ್ರ ಮುಗೀತು." ಪೇಟಿಯ, ಎಂದರೆ ಹಾರ್ಮೋನಿಯಮ್ಮಿನ, ಸ್ವರಗಳೋ ವರ್ಷಗಟ್ಟಲೆ ದೂಳು, ಬೆವರು, ಜಾತ್ರೆಗಳನ್ನು ಕಂಡು ಪುಸ್ತಕದಿಂದ ಬಹುದೂರ ಸರಿದಿದ್ದು, ವಿದ್ಯುನ್ಮಾನ ತಂಬೂರಿಯ ಸಣ್ಣ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಪೇಟಿಗೆ ಹೊಂದಿಸುವುದೇ ಅಲ್ಲಿನ ಪ್ರಮಾಣ. ಈ ಪ್ರಮಾಣವನ್ನು ಇತರರೂ ಪರೀಕ್ಷಿಸಿ ನೋಡಲು ಲೇಖನದೊಡನೆ ಪೂರಕ ಸಾಮಗ್ರಿಯನ್ನು ಲಗತ್ತಿಸಬಹುದಾದರೂ, ಲಗತ್ತಿಸಬಹುದಾದದ್ದು ಧ್ವನಿ, ಚಿತ್ರ, ವಿಡಿಯೊಗಳಂಥ ಕಡತಗಳೇ ಹೊರತು ಪೇಟಿಯಲ್ಲ. ಪೇಟಿಯನ್ನು ಲಗತ್ತಿಸಬಹುದಾಗಿದ್ದರೂ ಶ್ರಾವಣ ಮುಗಿಯುವವರೆಗೆ ಮಂಡಳಿಯವರು ಅದನ್ನು ಕೊಡುವವರಲ್ಲ.