ಸ್ವಯಂಸೇವಕ ಮಹಾಶಯನು

ಆರು ವಾರಗಳೊಳಗೆ ಆಫ್ರಿಕಾ ಖಂಡವನ್ನು ಉದ್ಧರಿಸಿ, ಕಾಲೇಜಿನ ಬಾಗಿಲು ತೆರೆಯುವುದರೊಳಗೆ ಊರಿಗೆ ಮರಳಿಬಿಡಬೇಕೆಂಬ ಸಂಕಲ್ಪದಿಂದ ವಿಮಾನವೇರುವ ಆಂಗ್ಲ ವೈದ್ಯವಿದ್ಯಾರ್ಥಿಗಳ ಒಂದು ವರ್ಗವುಂಟು. ಮಲಾವಿ ದೇಶದ ಬ್ಲಾಂಟೈರ್ ನಗರದ ಆಸ್ಪತ್ರೆಯೊಂದರ ಹೊಸ್ತಿಲಲ್ಲಿ ಈ ಮಹಾಶಯನು ಕಂಡೊಡನೆ ಗುರುತು ಸಿಗುವನು: ಅಚ್ಚ ಹೊಸ ಪಾದರಕ್ಷೆ, ಕೊರಳಲ್ಲಿ ಸ್ಟೆತಸ್ಕೋಪು, ಪೆಟ್ಟಿಗೆಯ ತುಂಬ ಕೈಗವಸು, ಕಂಕುಳಲ್ಲಿ ಕೈ ತೊಳೆಯುವ ಕ್ರಮವನ್ನು ಬೋಧಿಸುವ ಚಿತ್ರಪಟದ ಸುರುಳಿ. ನಮ್ಮಲ್ಲಾದರೆ ಇಂಥ ಅತಿಥಿಗೆ ಪೂರ್ಣಕುಂಭದ ಸ್ವಾಗತ ದೊರೆಯುತ್ತಿತ್ತು. ಅಲ್ಲಿ ಗೌರವಕ್ಕೇನೂ ಕೊರತೆಯಿಲ್ಲ, ಕುಂಭವನ್ನು ಪೂರ್ಣಗೊಳಿಸುವುದೇ ಕಷ್ಟ.

ಬಂದ ಮರುದಿನವೇ ಪಟವನ್ನು ಗೋಡೆಗೆ ತೂಗುಹಾಕಿ, ದಾದಿಯರನ್ನು ಸುತ್ತ ನಿಲ್ಲಿಸಿಕೊಂಡು, 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಿಸಿ ಬಾಣಂತಿಯರ ಪ್ರಾಣ ಉಳಿಸಿದ ಕಥೆಯನ್ನು ಪುರಾಣಿಕನ ಭಕ್ತಿಯಿಂದ ನಿರೂಪಿಸುವನು. ವಿಶ್ವ ಆರೋಗ್ಯ ಸಂಸ್ಥೆಯ ವಿಧಿಯಂತೆ 40ರಿಂದ 60 ಸೆಕೆಂಡುಗಳ ಕಾಲ ಅಂಗೈ, ಬೆರಳ ಸಂದು, ಹೆಬ್ಬೆರಳ ಬುಡಗಳನ್ನು ಉಜ್ಜುವ ಪರಿಯನ್ನು ಅಭಿನಯಿಸಿ, ಮಂಗಳಾಚರಣೆಯೆಂಬಂತೆ ನಲ್ಲಿಯನ್ನು ತಿರುಗಿಸುವನು. ನಲ್ಲಿ ಒಮ್ಮೆ ಗೊರಕೆ ಹೊಡೆದು ಸುಮ್ಮನಾಗುವುದು. ದಾದಿಯರು ನಗುವುದಿಲ್ಲ, ಹಿಂದಿನ ತಂಡದವನು ಇದೇ ನಲ್ಲಿಯನ್ನು ತಿರುಗಿಸಿದಾಗಲೇ ಅವರು ನಕ್ಕು ಮುಗಿಸಿರುವರು.

ತಪ್ಪು ನಲ್ಲಿಯದಲ್ಲ. ಬೆಟ್ಟಗಳ ಮೇಲೆ ಕುಳಿತ ಆ ನಗರಕ್ಕೆ ಬಹುಪಾಲು ನೀರು ಬರಬೇಕಾದುದು ಕೆಳಗೆ ಹರಿಯುವ ಶೀರೆ ನದಿಯ ವಾಕರ್ಸ್ ಫೆರಿಯಿಂದ, ಸುಮಾರು 800 ಮೀಟರು ಎತ್ತರಕ್ಕೆ, ಪಂಪುಗಳ ಬಲದಿಂದ. ಪಂಪುಗಳು ತಿರುಗಬೇಕಾದುದು ವಿದ್ಯುತ್ತಿನಿಂದ. ಆ ವಿದ್ಯುತ್ತೂ ಬಹುಮಟ್ಟಿಗೆ ಶೀರೆ ನದಿಯದೇ. 2022ರ ಜನವರಿಯಲ್ಲಿ ಆನಾ ಚಂಡಮಾರುತದ ನೆರೆ ಕಪಿಚಿರಾ ಅಣೆಕಟ್ಟನ್ನು ಒಡೆದು ವಿದ್ಯುದಾಗಾರವನ್ನು ನಿಲ್ಲಿಸಿದಾಗ, ನದಿಯಲ್ಲಿ ನೀರು ಹೆಚ್ಚಿದುದೇ ದೇಶಕ್ಕೆ ಕತ್ತಲೆಯಾಯಿತು. ಈ ವರುಣಲೀಲೆಯನ್ನು ಯಾವ ಚಿತ್ರಪಟದಲ್ಲಿ ಬರೆಯುವುದು?

ಪಟವು ಕೈಬಿಟ್ಟ ಬಳಿಕ ಮಹಾಶಯನಿಗೆ ಗುರುವಾಗಿ ಒದಗುವವಳು ವಾರ್ಡಿನ ಮೂಲೆಯಲ್ಲಿ ಚಾಪೆ ಹಾಸಿಕೊಂಡ ಒಬ್ಬ ಮುದುಕಿ. ಆ ದೇಶದ ಆಸ್ಪತ್ರೆಗಳಲ್ಲಿ ರೋಗಿಗೆ ಅಡುಗೆ ಮಾಡುವುದು, ಬಟ್ಟೆ ಒಗೆಯುವುದು, ಮೈ ಒರೆಸುವುದು ಎಲ್ಲವೂ ಜೊತೆಗೆ ಬಂದ ಬಂಧುಗಳ ಪಾಲಿನದು; ಗಾರ್ಡಿಯನ್ ಎಂದು ಅವರನ್ನು ಕರೆಯುವರು. ಸೊಂಟಕ್ಕೆ ಚಿತೇಂಜೆ ಬಟ್ಟೆ ಸುತ್ತಿದ ಈ ಅಜ್ಜಿಗೆ ನಲ್ಲಿಯ ನಾಡಿ ಗೊತ್ತು. ನಡುರಾತ್ರಿಯಲ್ಲಿ ಗೋಡೆಯೊಳಗಿನ ಕೊಳಾಯಿ ಒಂದು ಬಗೆಯಾಗಿ ಕೆಮ್ಮಿದೊಡನೆ ಎದ್ದು, ಬಕೆಟ್ಟುಗಳನ್ನು ಸಾಲಾಗಿ ಇಟ್ಟುಬಿಡುವಳು. ಮಹಾಶಯನು ಅಂಥದೊಂದು ಬಕೆಟ್ಟಿನ ಮುಂದೆ ಕುಳಿತು ಶಾಸ್ತ್ರೋಕ್ತವಾಗಿ ಕೈ ತೊಳೆಯಲು, ಅರ್ಧ ನೀರು ಅರವತ್ತು ಸೆಕೆಂಡಿನಲ್ಲಿ ಮೋರಿ ಸೇರಿತು. ಅಜ್ಜಿ ಮಾತಾಡಲಿಲ್ಲ. ಆತನ ಕೈಯಿಂದ ಲೋಟವನ್ನು ಇಸಿದುಕೊಂಡು, ತಾನೇ ಎಳೆನೂಲಿನಷ್ಟು ಸಣ್ಣಗೆ ನೀರು ಹೊಯ್ಯುತ್ತ, ಸೋಪಿನ ನೊರೆ ಪೂರ್ತಿ ಹೋಗುವಂತೆ ಒಂದೇ ಲೋಟದಲ್ಲಿ ಎರಡೂ ಕೈಗಳನ್ನು ತೊಳೆಯಿಸಿದಳು. ಕೆಳಗೆ ಬೋಗುಣಿಯಲ್ಲಿ ಹಿಡಿದ ಕೊಳೆನೀರನ್ನು ಶೌಚಾಲಯಕ್ಕೆ ಸುರಿದು ಬರಲು ಆತನನ್ನೇ ಕಳುಹಿಸಿದಳು. ವಿದೇಶೀ ತಜ್ಞನಿಗೆ ಒಪ್ಪಿಸಿದ ಮೊದಲ ಜವಾಬ್ದಾರಿಯ ಕೆಲಸವದು.

ಬೀಳ್ಕೊಡುಗೆಯ ದಿನ ಮಹಾಶಯನು ಸೇವಾಧರ್ಮವನ್ನು ಕುರಿತು ದೀರ್ಘವಾದ ಉಪನ್ಯಾಸವನ್ನು ಸಿದ್ಧಪಡಿಸಿಕೊಂಡಿದ್ದನು. ಮೇಲಧಿಕಾರಿಗಳು ಮುಂದಿನ ಸಾಲಿನಲ್ಲಿ ಆಸೀನರಾಗಿದ್ದರು. ಮಾನವಕುಲದ ಬಾಂಧವ್ಯವೆಂಬ ಘಟ್ಟಕ್ಕೆ ಬರುವಷ್ಟರಲ್ಲಿ ಗೋಡೆಯೊಳಗೆ ಕೊಳಾಯಿ ಮೆಲ್ಲನೆ ಕೆಮ್ಮಿತು; ಅಜ್ಜಿಗಿಂತಲೂ ಮೊದಲೇ ಅದನ್ನು ಗುರುತಿಸಿದ ಮಹಾಶಯನು, ವಾಕ್ಯವನ್ನು ಕ್ರಿಯಾಪದವಿಲ್ಲದೆಯೇ ಬಿಟ್ಟು, ವೇದಿಕೆಯಿಂದ ಧುಮುಕಿ, ಬಕೆಟ್ಟು ಹಿಡಿದು ಓಡಿದನು.