ಉಗುರಿನಷ್ಟು ಕಾರ್ಡು, ಊರಿನಷ್ಟು ಮಾತು

ಜೇಬಿನ ಮ್ಯೂಸಿಕ್ ಪ್ಲೇಯರಿನ ಕಾಲ ಮುಗಿಯಿತು ಅಂತ ಫೋನಿನವರು ಡಂಗುರ ಸಾರಿ ಎಷ್ಟೋ ವರ್ಷವಾಯಿತು. ಆದರೂ ಅದನ್ನು ಬಿಡದ ರಸಿಕರು ಊರಿಗೆ ನಾಲ್ಕು ಜನ ಇದ್ದೇ ಇದ್ದಾರೆ. ಅವರ ಪ್ಲೇಯರಿಗೆ ಒಟಿಪಿ ಬರುವುದಿಲ್ಲ, ಬಿಹಾಗ್ ರಾಗದ ನಡುವೆ ನುಗ್ಗಿ "ಲೋನ್ ಬೇಕಾ ಸರ್" ಅಂತ ಯಾರೂ ಕೇಳುವುದಿಲ್ಲ. ಇಷ್ಟು ಸುಖವಾಗಿರುವವರಿಗೂ ಒಂದು ಚಿಂತೆ ಬೇಡವೇ? ಅದಕ್ಕೇ ಮೆಮೊರಿ ಕಾರ್ಡು ಹುಟ್ಟಿಕೊಂಡಿದೆ.

ನೋಡಿದರೆ 15 ಮಿ.ಮೀ. ಉದ್ದ, 11 ಮಿ.ಮೀ. ಅಗಲ, 1 ಮಿ.ಮೀ. ದಪ್ಪ. ಕೈಜಾರಿ ಜಮಖಾನದ ಮೇಲೆ ಬಿತ್ತೋ, ಮನೆಮಂದಿಯೆಲ್ಲ ಮೊಣಕಾಲೂರಿ ಹುಡುಕಬೇಕು. ಆ ಜಾಗದಲ್ಲೇ ಕಂಪನಿಯವರು ಪುರಾಣ ಅಚ್ಚು ಹಾಕಿರುತ್ತಾರೆ: ವೃತ್ತದೊಳಗೊಂದು 10, ಯು ಅಕ್ಷರದೊಳಗೊಂದು 3, ಪಕ್ಕದಲ್ಲಿ ವಿ30, ಎ2, ಜೊತೆಗೊಂದು ರೋಮನ್ ಅಂಕಿ. ನಮ್ಮ ಬೀದಿಯ ರಸಿಕರೊಬ್ಬರು ಇದನ್ನೆಲ್ಲ ಭೂತಗನ್ನಡಿ ಹಿಡಿದು ಓದಿ, "ವಿ30 ಇಲ್ಲದ ಕಾರ್ಡು ನನಗೆ ಬೇಡ" ಎಂದು ತೀರ್ಪು ಕೊಟ್ಟರು.

ಸ್ವಾಮಿ, ವಿ30 ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯಬಲ್ಲದು ಅಂತ. ಅದು ವಿಡಿಯೋ ಕ್ಯಾಮೆರಾದವರ ತಲೆನೋವು. 320 ಕೆಬಿಪಿಎಸ್‌ನ ಎಂಪಿ3 ಹಾಡಿಗೆ ಸೆಕೆಂಡಿಗೆ ಬೇಕಾಗುವುದು 40 ಕೆಬಿ. ಸಿಡಿಯಲ್ಲಿರುವ ಹಾಡನ್ನು ಒಂದಿಷ್ಟೂ ಹಿಂಡದೆ ಹಾಗೇ ಇಳಿಸಿಕೊಂಡರೂ 176ರ ಆಸುಪಾಸು. ಸೆಕೆಂಡಿಗೆ 170 ಎಂಬಿ ಓಡುವ ಕಾರ್ಡು ಹಾಕಿದಿರಿ ಅಂತ ಭೀಮಸೇನ ಜೋಶಿಯವರು ವಿಲಂಬಿತ ಬಿಟ್ಟು ದ್ರುತ್‌ಗೆ ಬೇಗ ಬಂದುಬಿಡುತ್ತಾರೆಯೇ? ಕಂಪ್ಯೂಟರಿನಿಂದ ಹಾಡು ತುಂಬುವಾಗ ವೇಗ ಉಪಯೋಗಕ್ಕೆ ಬರುತ್ತದೆ, ನಿಜ. ತುಂಬುವುದು ಒಂದು ದಿನ, ಕೇಳುವುದು ವರ್ಷಗಟ್ಟಲೆ.

ಕಾರ್ಡು ಬದಲಾದರೆ ನಾದವೇ ಬದಲಾಗುತ್ತದೆ ಎನ್ನುವವರೂ ಇದ್ದಾರೆ. ನಕ್ಕು ಸುಮ್ಮನಾಗುವ ಹಾಗಿಲ್ಲ. 2015ರಲ್ಲಿ ಸೋನಿ ಕಂಪನಿ ಜಪಾನಿನಲ್ಲಿ 'ಪ್ರೀಮಿಯಂ ಸೌಂಡ್'ಗೆಂದೇ ಒಂದು 64 ಜಿಬಿ ಕಾರ್ಡು ಬಿಟ್ಟಿತು. ಓದುವಾಗ ವಿದ್ಯುತ್ ಗದ್ದಲ ಕಡಿಮೆಯಂತೆ. ಬೆಲೆ ಮಾತ್ರ 18,500 ಯೆನ್ನಿನ ಹತ್ತಿರ, ಗದ್ದಲ ಎದ್ದದ್ದು ಅಲ್ಲಿ. ಕಾರ್ಡಿನಲ್ಲಿರುವುದು ಸೊನ್ನೆ, ಒಂದುಗಳ ಸಾಲು. ಅದು ತಪ್ಪಿಲ್ಲದೆ ಹೊರಬಂದರೆ ಕಾರ್ಡಿನ ಕೆಲಸ ಮುಗಿಯಿತು.

ಇನ್ನು ಜಾಗದ ಆಸೆ. 512 ಜಿಬಿ ಕಾರ್ಡಿಗೆ 320 ಕೆಬಿಪಿಎಸ್ ಹಾಡು ತುಂಬಿದರೆ, ಊಟ ನಿದ್ದೆ ಬಿಟ್ಟು ಕೇಳಿದರೂ ಮುಗಿಯಲು ಐದು ತಿಂಗಳು ಬೇಕು. ತುಂಬಿಸಿಕೊಂಡವರು ಏನು ಮಾಡುತ್ತಾರೆ? ಕಾಲೇಜಿನಲ್ಲಿದ್ದಾಗ ಕೇಳಿದ ಅದೇ ಹತ್ತು ಹಾಡನ್ನು ಮತ್ತೆ ಕೇಳುತ್ತಾರೆ. ಪ್ಲೇಯರ್ ಹಳೆಯದಾದರೆ ಇನ್ನೊಂದು ತಕರಾರು: 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡನ್ನು ಅದು ಒಪ್ಪುತ್ತದೆ. ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್ ಎಂಬ ಏರ್ಪಾಡಿನಲ್ಲಿ ಬರುತ್ತವೆ, ಅದನ್ನು ಕಂಡರೆ ಮುಖ ತಿರುಗಿಸುತ್ತದೆ. ಫ್ಯಾಟ್32ಕ್ಕೆ ಮಾರ್ಪಡಿಸಿ ಕೊಟ್ಟರೆ ಕೆಲವು ಪ್ಲೇಯರುಗಳು ರಾಜಿಯಾಗುತ್ತವೆ.

ಹಾಗಾದರೆ ಕಾರ್ಡಿಗೆ ಬೇಕಾದ ಗುಣ ಯಾವುದು? ಸತ್ಯ ಹೇಳುವುದು. ಅಷ್ಟೇ, ಅದೇ ಅಪರೂಪ. ನಕಲಿ ಕಾರ್ಡು ಅಂದರೆ, ಎಂಟೇ ಕೋಣೆಯ ಛತ್ರದ ಯಜಮಾನ ಅರವತ್ನಾಲ್ಕು ಬೀಗದಕೈ ಹಂಚಿದ ಹಾಗೆ. ಒಳಗಿನ ಕಂಟ್ರೋಲರ್ ಚಿಪ್ಪಿಗೆ ಸುಳ್ಳು ಹೇಳುವುದನ್ನು ಕಲಿಸಿರುತ್ತಾರೆ. 8 ಜಿಬಿ ಇದ್ದರೂ 64 ಅನ್ನುತ್ತದೆ. ನೀವು ತುಂಬುತ್ತಾ ಹೋದರೆ ಬೇಡ ಅನ್ನುವುದಿಲ್ಲ. ಹಾಡಿನ ಹೆಸರುಗಳೆಲ್ಲ ಪಟ್ಟಿಯಲ್ಲಿ ಸಾಲಾಗಿ ಕಾಣುತ್ತವೆ, ಒತ್ತಿದರೆ ಒಳಗೆ ಶೂನ್ಯ. ಪ್ಲೇಯರ್ ಒಂದು ಹಾಡಿನಿಂದ ಇನ್ನೊಂದಕ್ಕೆ ಅರ್ಧ ಸೆಕೆಂಡಿನಲ್ಲಿ ಹಾರುತ್ತಾ ಹೋಗುತ್ತದೆ.

ಪೊಟ್ಟಣ ನೋಡಿ ಪತ್ತೆ ಹಚ್ಚುತ್ತೇನೆ ಅನ್ನಬೇಡಿ, ಪೊಟ್ಟಣ ಅಸಲಿಗಿಂತ ಚೆನ್ನಾಗಿರುತ್ತದೆ. ಬಿಲ್ಲು ಕೊಡುವವರ ಹತ್ತಿರ ಕೊಳ್ಳಿ, ಮನೆಗೆ ಬಂದ ದಿನವೇ ಪರೀಕ್ಷೆಗೆ ಕೂರಿಸಿ. ವಿಂಡೋಸಿಗೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಿಗೆ ಎಫ್3, ಎರಡೂ ಪುಕ್ಕಟೆ. ಕಾರ್ಡನ್ನು ಕಂಠದವರೆಗೆ ತುಂಬಿ, ಬರೆದದ್ದನ್ನೆಲ್ಲ ಮತ್ತೆ ಓದಿಸಿ, ಎಷ್ಟು ಸರಿಯಿದೆ, ಎಷ್ಟು ಕಳೆದುಹೋಯಿತು ಅಂತ ಲೆಕ್ಕ ಒಪ್ಪಿಸುತ್ತವೆ. ದೊಡ್ಡ ಕಾರ್ಡಾದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಹಿಡಿಯಲಿ, ಅಷ್ಟರಲ್ಲಿ ಒಂದು ಕಾಫಿ ಕುಡಿಯಿರಿ.

ನಮ್ಮ ರಸಿಕರು ಕಾಫಿ ಕುಡಿಯಲಿಲ್ಲ. 64 ಜಿಬಿ ಕಾರ್ಡು ಹಾಕಿ, ಪರದೆಯ ಮೇಲೆ 59.6 ನೋಡಿ, "ನಾಲ್ಕೂವರೆ ಜಿಬಿ ಹೊಡೆದಿದ್ದಾನೆ" ಎಂದು ಅಂಗಡಿಗೆ ನಡೆದರು. ಕಂಪನಿಯವರ ಜಿಬಿ 100 ಕೋಟಿ ಬೈಟು, ವಿಂಡೋಸಿನದು 107 ಕೋಟಿಗೂ ಮಿಗಿಲು, ಸಾಮಾನು ಒಂದೇ, ಅಳತೆ ಬೇರೆ ಅಂತ ಅಂಗಡಿಯ ಹುಡುಗ ಕಾಗದದ ಮೇಲೆ ಭಾಗಾಕಾರ ಮಾಡಿ ತೋರಿಸಿದ. ಇವರು "ವಾರಂಟಿ ಎಷ್ಟು ವರ್ಷ?" ಎಂದು ಮಾತು ತಿರುಗಿಸಿದರು.

ವಾರಂಟಿ ಹತ್ತು ವರ್ಷವಿರಲಿ, ಜೀವಮಾನವಿರಲಿ, ಅದು ಕಾರ್ಡಿಗೆ ಮಾತ್ರ, ಕಾರ್ಡಿನೊಳಗಿನ ಕಾಳಿಂಗರಾಯರಿಗಲ್ಲ. ಕೆಟ್ಟರೆ ಹೊಸ ಕಾರ್ಡು ಕೊಡುತ್ತಾರೆ, ಖಾಲಿಯದು. ಅಸಲಿ ಕಾರ್ಡಿಗೂ ಒಂದು ದಿನ ಸಾವಿದೆ, ಆದ್ದರಿಂದ ಹಾಡುಗಳ ಇನ್ನೊಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿರಲಿ. ಸಾಧಾರಣ ವೇಗದ, ಪರೀಕ್ಷೆ ಪಾಸಾದ ಕಾರ್ಡು ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಇಯರ್‌ಫೋನ್ ಕೊಳ್ಳಿ. ಆಮೇಲೂ ಹಾಡು ಅಪಶ್ರುತಿ ಅನ್ನಿಸಿದರೆ, ಜೊತೆಗೆ ಗುನುಗುತ್ತಿರುವವರು ಯಾರು ಅಂತ ಮನೆಯವರನ್ನೊಮ್ಮೆ ಕೇಳಿ ನೋಡಿ.